ಬಟ್ಟೆ ಕಾಣದ ಬಟ್ಟೆ ಜಾಹೀರಾತು

ಬಟ್ಟೆ ಮಾರುವ ಜಾಹೀರಾತಿನಲ್ಲಿ ಬಟ್ಟೆ ಇರಬೇಕು, ತೊಟ್ಟವರು ಚೆಂದ ಕಾಣಬೇಕು, ನೋಡಿದವರಿಗೆ ತಾವೂ ಹಾಗೆ ಕಾಣಬೇಕೆಂಬ ಆಸೆ ಹುಟ್ಟಬೇಕು. ಫ್ಯಾಷನ್ ಉದ್ಯಮ ಬಹುಕಾಲ ಪಾಲಿಸಿಕೊಂಡು ಬಂದ ಪದ್ಧತಿ ಇದು. ಇಟಲಿಯ ಬೆನೆಟನ್ ಕಂಪನಿ 1980ರ ದಶಕದ ಕೊನೆಯಲ್ಲಿ ಈ ಪದ್ಧತಿಯನ್ನು ಕೈಬಿಟ್ಟಿತು. ಮುಂದಿನ ಹತ್ತು ವರ್ಷ ಅದರ ಹೋರ್ಡಿಂಗ್‌ಗಳಲ್ಲಿ ಏಡ್ಸ್‌ನಿಂದ ಸಾಯುತ್ತಿರುವ ಯುವಕ, ಯುದ್ಧದಲ್ಲಿ ಮಡಿದ ಸೈನಿಕನ ರಕ್ತ ಮೆತ್ತಿದ ಅಂಗಿ, ಮರಣದಂಡನೆಗೆ ಕಾದು ಕುಳಿತ ಕೈದಿಗಳ ಮುಖ ಕಂಡವು. ಕಂಪನಿ ಮಾರುತ್ತಿದ್ದ ಸ್ವೆಟರ್ ಹೆಚ್ಚಿನವುಗಳಲ್ಲಿ ಇರಲೇ ಇಲ್ಲ. ಒಂದು ಅಂಚಿನಲ್ಲಿ ಸಣ್ಣ ಹಸಿರು ಪಟ್ಟಿ, ಅದರ ಮೇಲೆ ಬಿಳಿ ಅಕ್ಷರದಲ್ಲಿ 'ಯುನೈಟೆಡ್ ಕಲರ್ಸ್ ಆಫ್ ಬೆನೆಟನ್' ಎಂಬ ಹೆಸರು, ಅಷ್ಟೇ. ಇಂದು ಉಡುಪಿನ ಬ್ರ್ಯಾಂಡುಗಳು ಜನಾಂಗ, ಲಿಂಗ, ಧರ್ಮ, ವಲಸೆ ಮುಂತಾದ ವಿಷಯಗಳನ್ನು ಜಾಹೀರಾತಿಗೆ ತಂದಾಗಲೆಲ್ಲ ಏಳುವ ಪ್ರಶ್ನೆಗಳು ಬಹುಪಾಲು ಬೆನೆಟನ್ ಕಾಲದಲ್ಲೇ ಎದ್ದಿದ್ದವು. ಕೆಲವು ಕೋರ್ಟಿನಲ್ಲಿ ಇತ್ಯರ್ಥವೂ ಆದವು.

ಕಂಪನಿ ಶುರುವಾದದ್ದು 1965ರಲ್ಲಿ, ಉತ್ತರ ಇಟಲಿಯ ತ್ರೆವೀಸೊ ನಗರದ ಪಕ್ಕದ ಪೊನ್ಜಾನೊ ಎಂಬ ಊರಿನಲ್ಲಿ. ಲುಚಿಯಾನೊ, ಜೂಲಿಯಾನಾ, ಜಿಲ್ಬೆರ್ತೊ, ಕಾರ್ಲೊ ಎಂಬ ನಾಲ್ವರು ಒಡಹುಟ್ಟಿದವರು ಅದರ ಸ್ಥಾಪಕರು. ಜೂಲಿಯಾನಾ ಹೆಣೆದ ಗಾಢ ಬಣ್ಣದ ಸ್ವೆಟರುಗಳನ್ನು ಅಣ್ಣ ಲುಚಿಯಾನೊ ಮಾರುತ್ತಿದ್ದುದೇ ಈ ವ್ಯಾಪಾರದ ಬೇರು. ಇವರನ್ನು ಬೆಳೆಸಿದ್ದು ಒಂದು ಸರಳ ಉಪಾಯ. ಉಳಿದವರು ನೂಲಿಗೆ ಮೊದಲೇ ಬಣ್ಣ ಹಾಕಿ ಆಮೇಲೆ ಹೆಣೆಯುತ್ತಿದ್ದರು. ಆ ವರ್ಷ ಜನ ಬೇರೆ ಬಣ್ಣ ಕೇಳಿದರೆ ಮಾಲು ಗೋದಾಮಿನಲ್ಲಿ ಕೊಳೆಯುತ್ತಿತ್ತು. ಬೆನೆಟನ್‌ನಲ್ಲಿ ಬಣ್ಣವಿಲ್ಲದ ನೂಲಿನಿಂದ ಸ್ವೆಟರ್ ಹೆಣೆದಿಟ್ಟುಕೊಂಡು, ಅಂಗಡಿಗಳಿಂದ ಬೇಡಿಕೆ ಬಂದ ಮೇಲೆ ಸಿದ್ಧ ಉಡುಪಿಗೇ ಬಣ್ಣ ಅದ್ದುತ್ತಿದ್ದರು. ಹೀಗೆ ಬಣ್ಣವೇ ಕಂಪನಿಯ ಗುರುತಾಯಿತು. ಮುಂದೆ ಜಾಹೀರಾತು ಹಿಡಿದ ದಾರಿಗೂ ಬಣ್ಣವೇ ನೆಪವಾಯಿತು.

ಆ ದಾರಿ ತೋರಿಸಿದವನು ಒಲಿವಿಯೆರೊ ಟೊಸ್ಕಾನಿ. 1942ರಲ್ಲಿ ಮಿಲಾನ್‌ನಲ್ಲಿ ಹುಟ್ಟಿದವನು. ತಂದೆ 'ಕೊರ್ರಿಯೆರೆ ದೆಲ್ಲಾ ಸೆರಾ' ಪತ್ರಿಕೆಯ ಛಾಯಾಗ್ರಾಹಕ. ಸುದ್ದಿಚಿತ್ರದ ಬಲ ಅವನಿಗೆ ಮನೆಯಲ್ಲೇ ಗೊತ್ತಾಗಿತ್ತು. ಬೆನೆಟನ್ ಸೇರುವ ಮೊದಲೇ ಒಂದು ದೊಡ್ಡ ಗದ್ದಲಕ್ಕೆ ಅವನು ಕಾರಣನಾಗಿದ್ದ. 1973ರಲ್ಲಿ 'ಜೀಸಸ್ ಜೀನ್ಸ್' ಎಂಬ ಹೆಸರಿನ ಪ್ಯಾಂಟಿಗೆ ಅವನು ತೆಗೆದ ಚಿತ್ರಗಳ ಜೊತೆ ಬೈಬಲಿನ ಆಜ್ಞೆಯನ್ನು ಅನುಕರಿಸಿದ ಘೋಷಣೆ ಬಂದಾಗ ಚರ್ಚ್ ಸಿಟ್ಟಾಯಿತು. ಕವಿ, ಚಿತ್ರ ನಿರ್ದೇಶಕ ಪಾಸೊಲಿನಿ ಆ ಘೋಷಣೆಯ ಬಗ್ಗೆಯೇ ಪತ್ರಿಕೆಯಲ್ಲಿ ಲೇಖನ ಬರೆದ. ಪ್ಯಾಂಟಿನ ಜಾಹೀರಾತೊಂದು ದೇಶದ ಧರ್ಮಸ್ಥಿತಿಯ ಕುರಿತ ಚರ್ಚೆಯಾಗಬಹುದು ಎಂಬುದು ಟೊಸ್ಕಾನಿಗೆ ಅಲ್ಲಿ ಸಿಕ್ಕ ಪಾಠ.

1982ರಲ್ಲಿ ಅವನು ಬೆನೆಟನ್‌ಗೆ ಬಂದ. ಮೊದಲ ವರ್ಷಗಳ ಚಿತ್ರಗಳು ಸೌಮ್ಯವಾಗಿದ್ದವು. ಬೇರೆ ಬೇರೆ ಮೈಬಣ್ಣದ ಮಕ್ಕಳು, ಹದಿಹರೆಯದವರು ಬಣ್ಣಬಣ್ಣದ ಸ್ವೆಟರ್ ತೊಟ್ಟು ಒಟ್ಟಿಗೆ ನಗುತ್ತಿದ್ದರು. ವರ್ಣಭೇದ ನೀತಿ ಇನ್ನೂ ಜಾರಿಯಲ್ಲಿದ್ದ ದಕ್ಷಿಣ ಆಫ್ರಿಕದಂಥ ಕಡೆ ಅಷ್ಟೂ ಸಹ್ಯವಾಗಿರಲಿಲ್ಲ ಎಂಬುದನ್ನು ನೆನೆದರೆ ಅವು ಪೂರ್ತಿ ನಿರಪಾಯವೂ ಅಲ್ಲ. 1989ರಲ್ಲಿ ದನಿ ಬದಲಾಯಿತು. ಆ ವರ್ಷದ ಒಂದು ಚಿತ್ರದಲ್ಲಿ ಕೆಂಪು ಸ್ವೆಟರಿನ ಗುಂಡಿ ಬಿಚ್ಚಿದ ಕಪ್ಪು ಹೆಂಗಸು ಬಿಳಿ ಮಗುವಿಗೆ ಹಾಲೂಡಿಸುತ್ತಿದ್ದಾಳೆ. ಅವಳ ಮುಖ ಚೌಕಟ್ಟಿನ ಹೊರಗಿದೆ. ಯುರೋಪಿನಲ್ಲಿ ಅದಕ್ಕೆ ಹಲವು ಪ್ರಶಸ್ತಿಗಳು ಬಂದವು. ಅಮೆರಿಕದ ಕಪ್ಪು ಜನರಿಗೆ ಮಾತ್ರ ಅದರಲ್ಲಿ ಕಂಡದ್ದು ಗುಲಾಮಗಿರಿ: ಒಡೆಯನ ಕೂಸಿಗೆ ಮೊಲೆಹಾಲು ಕೊಟ್ಟು ತನ್ನ ಕೂಸನ್ನು ಹಸಿವಿಗೆ ಬಿಡಬೇಕಾಗಿದ್ದ ದಾದಿಯರ ನೆನಪು. ಕಂಪನಿ ಅಲ್ಲಿ ಆ ಚಿತ್ರವನ್ನು ಬಳಸಲಿಲ್ಲ. ಅದೇ ವರ್ಷ ಒಬ್ಬ ಕಪ್ಪು ಗಂಡಸು, ಒಬ್ಬ ಬಿಳಿ ಗಂಡಸು ಒಂದೇ ಕೈಕೋಳದಲ್ಲಿರುವ ಚಿತ್ರ ಬಂತು. ಇಬ್ಬರೂ ತೊಟ್ಟಿದ್ದು ಒಂದೇ ಬಗೆಯ ಡೆನಿಮ್. ಯಾರು ಯಾರನ್ನು ಹಿಡಿದಿದ್ದಾರೆ ಎಂಬ ಸುಳಿವು ಚಿತ್ರದಲ್ಲಿ ಇರಲಿಲ್ಲ. ನೋಡಿದ ಅನೇಕರು ಬಿಳಿಯನನ್ನು ಪೊಲೀಸನೆಂದೂ ಕಪ್ಪು ಮನುಷ್ಯನನ್ನು ಕಳ್ಳನೆಂದೂ ಓದಿಕೊಂಡರು.

ಈ ಚಿತ್ರಗಳಲ್ಲಿ ಮಾತು ಇರಲಿಲ್ಲ ಎಂಬುದನ್ನು ವ್ಯಾಪಾರದ ಕಣ್ಣಿನಿಂದಲೂ ನೋಡಬೇಕು. ನೂರಕ್ಕೂ ಹೆಚ್ಚು ದೇಶಗಳಲ್ಲಿ ಅಂಗಡಿ ಇರುವ ಕಂಪನಿ ಪ್ರತಿ ಭಾಷೆಗೂ ಬೇರೆ ಜಾಹೀರಾತು ಮಾಡಿಸಿದರೆ ಖರ್ಚು ಏರುತ್ತದೆ. ಮಾತಿಲ್ಲದ ಒಂದೇ ಚಿತ್ರ ಎಲ್ಲ ಊರಿಗೂ ಸಾಕು. ಅದು ಗದ್ದಲ ಎಬ್ಬಿಸಿದರೆ ಪತ್ರಿಕೆ, ಟಿ.ವಿ. ಅದನ್ನು ಸುದ್ದಿಯಾಗಿ ಮತ್ತೆ ತೋರಿಸುತ್ತವೆ. ಆ ಪ್ರಚಾರಕ್ಕೆ ಕಂಪನಿ ಕಾಸು ಕೊಡಬೇಕಿಲ್ಲ. 1991ರಲ್ಲಿ ಹೊಕ್ಕುಳಬಳ್ಳಿ ಇನ್ನೂ ಕತ್ತರಿಸದ, ಮೈಗೆ ರಕ್ತ ಅಂಟಿದ ನವಜಾತ ಶಿಶುವಿನ ಚಿತ್ರ ಬ್ರಿಟನ್ನಿನ ಗೋಡೆಗಳ ಮೇಲೆ ಬಂದಾಗ ಅಲ್ಲಿನ ಜಾಹೀರಾತು ಗುಣಮಟ್ಟ ಪ್ರಾಧಿಕಾರಕ್ಕೆ 800ಕ್ಕೂ ಹೆಚ್ಚು ದೂರುಗಳು ಬಂದವು, ಚಿತ್ರವನ್ನು ತೆಗೆಸಲಾಯಿತು. ಪಾದ್ರಿ ಮತ್ತು ಸನ್ಯಾಸಿನಿ ಚುಂಬಿಸುವ ಚಿತ್ರಕ್ಕೆ ಇಟಲಿಯಲ್ಲಿ ತಡೆ ಬಿತ್ತು. ತೆಗೆಸಿದ ಚಿತ್ರಗಳೇ ಹೆಚ್ಚು ಜನರ ಕಣ್ಣಿಗೆ ಬಿದ್ದವು. ಗದ್ದಲವೇ ಬಂಡವಾಳ ಎಂದು ಟೀಕಿಸಿದವರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ ಅಷ್ಟಕ್ಕೇ ಎಲ್ಲವನ್ನೂ ಮುಗಿಸಿಬಿಟ್ಟರೆ 1992ರ ಒಂದು ಚಿತ್ರಕ್ಕೆ ಅನ್ಯಾಯವಾಗುತ್ತದೆ.

ಆ ವರ್ಷ ಟೊಸ್ಕಾನಿ ತಾನು ಚಿತ್ರ ತೆಗೆಯುವುದನ್ನು ಬಿಟ್ಟು ಸುದ್ದಿ ಛಾಯಾಗ್ರಾಹಕರ ಚಿತ್ರಗಳನ್ನು ಆರಿಸಿಕೊಂಡ. ಸಿಸಿಲಿಯಲ್ಲಿ ಮಾಫಿಯಾ ಕೊಂದ ವ್ಯಕ್ತಿಯ ಹೆಣ, ಆಲ್ಬೇನಿಯದಿಂದ ಇಟಲಿಗೆ ಬಂದ ಹಡಗಿಗೆ ಇರುವೆ ಮುತ್ತಿದಂತೆ ಹತ್ತಿದ ವಲಸಿಗರು, ಕಚ್ಚಾ ತೈಲದಲ್ಲಿ ಮುಳುಗಿ ಎದ್ದ ಹಕ್ಕಿ. ಇವುಗಳ ನಡುವೆ ಇದ್ದದ್ದು ಡೇವಿಡ್ ಕರ್ಬಿಯ ಸಾವಿನ ಹಾಸಿಗೆ. ಕರ್ಬಿ ಅಮೆರಿಕದ ಒಹಾಯೊ ರಾಜ್ಯದವನು, ಸಲಿಂಗಿಗಳ ಹಕ್ಕಿಗಾಗಿ ಕೆಲಸ ಮಾಡಿದವನು. ಮನೆಯವರಿಂದ ದೂರವಾಗಿದ್ದವನು ಕಾಯಿಲೆ ಬಿದ್ದ ಮೇಲೆ ಊರಿಗೆ ಮರಳಿದ್ದ. ಕೊಲಂಬಸ್ ನಗರದಲ್ಲಿ ಏಡ್ಸ್ ರೋಗಿಗಳನ್ನು ನೋಡಿಕೊಳ್ಳುತ್ತಿದ್ದ 'ಪೇಟರ್ ನಾಸ್ಟರ್ ಹೌಸ್' ಎಂಬ ಆಶ್ರಯದಲ್ಲಿ 1990ರಲ್ಲಿ, 32ನೇ ವಯಸ್ಸಿನಲ್ಲಿ ತೀರಿಕೊಂಡ. ಅಲ್ಲಿಗೆ ಬಂದುಹೋಗುತ್ತಿದ್ದ ಪತ್ರಿಕೋದ್ಯಮ ವಿದ್ಯಾರ್ಥಿನಿ ಥೆರೀಸ್ ಫ್ರೇರ್ ಮನೆಯವರ ಒಪ್ಪಿಗೆ ಪಡೆದು ಆ ಹೊತ್ತಿನ ಚಿತ್ರ ತೆಗೆದಳು.

ಚಿತ್ರದಲ್ಲಿ ಕರ್ಬಿಯ ಕೆನ್ನೆ ಒಳಸೇರಿದೆ, ಕಣ್ಣು ತೆರೆದಿದ್ದರೂ ನೋಟ ಎಲ್ಲೋ ಇದೆ. ತಂದೆ ಹಾಸಿಗೆಯ ಮೇಲೆ ಬಾಗಿ ಮಗನ ತಲೆಯನ್ನು ಎರಡೂ ಕೈಯಿಂದ ಹಿಡಿದು ಹಣೆಗೆ ಹಣೆ ಒತ್ತಿದ್ದಾನೆ. ಪಕ್ಕದಲ್ಲಿ ಡೇವಿಡ್‌ನ ಸೋದರಿ ತನ್ನ ಮಗಳನ್ನು ಅವುಚಿಕೊಂಡು ಕೂತಿದ್ದಾಳೆ. ಏಡ್ಸ್ ಮುಟ್ಟಿದರೆ ಬರುತ್ತದೆ ಎಂದು ಜನ ನಂಬಿದ್ದ ಕಾಲ ಅದು. ಅಪ್ಪನ ಕೈ ಮಗನ ಮುಖದ ಮೇಲಿರುವುದೇ ಆ ಚಿತ್ರದ ಸುದ್ದಿ. 1990ರ ನವೆಂಬರ್‌ನಲ್ಲಿ ಅದು 'ಲೈಫ್' ಪತ್ರಿಕೆಯಲ್ಲಿ ಕಪ್ಪು-ಬಿಳುಪಿನಲ್ಲಿ ಅಚ್ಚಾಯಿತು. ಬೆನೆಟನ್ ಅದಕ್ಕೆ ಕೈಯಿಂದ ಬಣ್ಣ ಹಾಕಿಸಿ, ಕೆಳಗೆ ತನ್ನ ಹಸಿರು ಪಟ್ಟಿ ಅಂಟಿಸಿತು.

ಏಡ್ಸ್ ರೋಗಿಗಳ ಪರ ಕೆಲಸ ಮಾಡುತ್ತಿದ್ದ ಸಂಘಟನೆಗಳೇ ಮೊದಲು ಸಿಡಿದೆದ್ದವು. ಸಾಯುವವನನ್ನು ತೋರಿಸಿ ಸ್ವೆಟರ್ ಮಾರುವುದು ಹೇಸಿಗೆ ಎಂದರು ಕೆಲವರು. ಇನ್ನು ಕೆಲವರ ಆಕ್ಷೇಪ ಹೆಚ್ಚು ಉಪಯುಕ್ತವಾಗಿತ್ತು: ಜಾಹೀರಾತಿನಲ್ಲಿ ಸೋಂಕು ತಡೆಯುವ ಮಾಹಿತಿ ಇಲ್ಲ, ಸಹಾಯಕ್ಕೆ ಕರೆಮಾಡುವ ಫೋನ್ ಸಂಖ್ಯೆಯೂ ಇಲ್ಲ, ಬರೀ ಭಯ ಇದೆ. ಹಲವು ಪತ್ರಿಕೆಗಳು ಅಚ್ಚು ಹಾಕಲು ಒಪ್ಪಲಿಲ್ಲ. ಈ ಗದ್ದಲದ ನಡುವೆ ಕರ್ಬಿಯ ತಂದೆತಾಯಿ ಕಂಪನಿಯ ಪರ ನಿಂತರು. ಬೆನೆಟನ್ ತಮ್ಮನ್ನು ಬಳಸಿಕೊಂಡಿಲ್ಲ, ಈ ರೋಗದ ಸತ್ಯವನ್ನು ಜನಕ್ಕೆ ತೋರಿಸಲು ತಾವೇ ಬೆನೆಟನ್ ಅನ್ನು ಬಳಸಿಕೊಂಡಿದ್ದೇವೆ ಎಂಬುದು ಅವರ ನಿಲುವು. ಈ ಬಗೆಯ ಜಾಹೀರಾತಿನ ಇಡೀ ಚರಿತ್ರೆಯಲ್ಲಿ ಇಷ್ಟು ತೂಕದ ಸಮರ್ಥನೆ ಇನ್ನೊಂದಿಲ್ಲ, ಏಕೆಂದರೆ ಅದನ್ನು ಕೊಟ್ಟವರು ಚಿತ್ರದಲ್ಲಿರುವವರ ಕಡೆಯವರು. ಚಿತ್ರ ಯಾರದೋ ಅವರ ಒಪ್ಪಿಗೆ ಇದೆಯೇ, ಅದರಿಂದ ಅವರಿಗೆ ಏನು ದಕ್ಕಿತು ಎಂಬ ಎರಡು ಪ್ರಶ್ನೆಗಳಿಂದಲೇ ಉಳಿದ ಜಾಹೀರಾತುಗಳನ್ನೂ ಅಳೆಯುವುದು ನ್ಯಾಯ.

ಆ ಅಳತೆಯಲ್ಲಿ ಮರುವರ್ಷದ ಜಾಹೀರಾತು ಕೆಳಗಿಳಿಯುತ್ತದೆ. 1993ರಲ್ಲಿ ಬೆತ್ತಲೆ ತೋಳು, ಪೃಷ್ಠ, ಕಿಬ್ಬೊಟ್ಟೆಯ ಮೇಲೆ 'ಎಚ್‌ಐವಿ ಪಾಸಿಟಿವ್' ಎಂಬ ಮುದ್ರೆ ಒತ್ತಿದ ಮೂರು ಚಿತ್ರಗಳು ಬಂದವು. ಸೋಂಕಿತರನ್ನು ಸಮಾಜ ಹೀಗೆ ಗುರುತು ಹಾಕಿ ಹೊರಗಿಡುತ್ತಿದೆ ಎಂದು ಹೇಳುವುದು ಉದ್ದೇಶ ಎಂದಿತು ಕಂಪನಿ. ಇಲ್ಲಿ ಒಬ್ಬ ನಿಜವಾದ ಮನುಷ್ಯನಿಲ್ಲ, ಮುಖವಿಲ್ಲ, ಅಪ್ಪನ ಕೈಯಿಲ್ಲ. ಉಳಿದದ್ದು ಮುದ್ರೆ ಮಾತ್ರ. ಫ್ರಾನ್ಸಿನಲ್ಲಿ ಸೋಂಕಿತರೇ ಕೋರ್ಟಿಗೆ ಹೋದರು, 1995ರಲ್ಲಿ ಪ್ಯಾರಿಸ್ ನ್ಯಾಯಾಲಯ ಅವರಿಗೆ ಪರಿಹಾರ ಕೊಡುವಂತೆ ಕಂಪನಿಗೆ ಆದೇಶಿಸಿತು. ಹಾಗೆಂದು ಏಡ್ಸ್ ವಿಚಾರದಲ್ಲಿ ಬೆನೆಟನ್ ಏನೂ ಮಾಡಲಿಲ್ಲ ಎನ್ನುವಂತಿಲ್ಲ. ಅದೇ 1993ರ ಡಿಸೆಂಬರ್ 1ರಂದು ಪ್ಯಾರಿಸ್ಸಿನ ಪ್ಲಾಸ್ ದ ಲಾ ಕಾಂಕಾರ್ಡ್ ಚೌಕದ ಶಿಲಾಸ್ತಂಭಕ್ಕೆ ಏಡ್ಸ್ ರೋಗಿಗಳ ಪರ ಹೋರಾಡುವ 'ಆಕ್ಟ್ ಅಪ್' ಸಂಘಟನೆ ದೈತ್ಯ ಗಾತ್ರದ ಕಾಂಡೋಮ್ ತೊಡಿಸಿದಾಗ ಹಣ ಕೊಟ್ಟದ್ದು ಇದೇ ಕಂಪನಿ.

ಜರ್ಮನಿಯಲ್ಲಿ ಈ ಜಗಳ ಅತಿ ಎತ್ತರದ ನ್ಯಾಯಪೀಠದವರೆಗೆ ಹೋಯಿತು. ಎಚ್‌ಐವಿ ಮುದ್ರೆ, ತೈಲದ ಹಕ್ಕಿ, ದುಡಿಯುವ ಮಕ್ಕಳು, ಈ ಮೂರು ಜಾಹೀರಾತುಗಳನ್ನು ಅಚ್ಚು ಹಾಕಿದ 'ಸ್ಟರ್ನ್' ಪತ್ರಿಕೆಯ ಪ್ರಕಾಶಕರ ವಿರುದ್ಧ ಪ್ರಕರಣ ದಾಖಲಾಗಿತ್ತು. ಜನರ ಕನಿಕರವನ್ನು ಲಾಭಕ್ಕೆ ಬಳಸುವುದು ವ್ಯಾಪಾರದ ಸದಾಚಾರಕ್ಕೆ ವಿರುದ್ಧ ಎಂದು 1995ರಲ್ಲಿ ಅಲ್ಲಿನ ಫೆಡರಲ್ ಹೈಕೋರ್ಟ್ ತಡೆ ವಿಧಿಸಿತು. 2000ದ ಡಿಸೆಂಬರ್ 12ರಂದು ಸಂವಿಧಾನ ನ್ಯಾಯಾಲಯ ಆ ತೀರ್ಪನ್ನು ರದ್ದು ಮಾಡಿತು. ಜಾಹೀರಾತಾದರೂ ಅದರಲ್ಲಿ ಅಭಿಪ್ರಾಯ ಇದ್ದರೆ ಅದಕ್ಕೆ ಅಭಿವ್ಯಕ್ತಿ ಸ್ವಾತಂತ್ರ್ಯದ ರಕ್ಷಣೆ ಉಂಟು. ಲೋಕದ ದುಃಖ ಕಣ್ಣಿಗೆ ಬೀಳದಂತೆ ನಾಗರಿಕರ ಮನಸ್ಸನ್ನು ಹಗುರವಾಗಿಡುವುದು ಹಕ್ಕನ್ನು ಮೊಟಕುಗೊಳಿಸಲು ಸರ್ಕಾರಕ್ಕೆ ಕಾರಣವಾಗದು ಎಂಬುದು ಅದರ ತರ್ಕದ ತಿರುಳು. ಎಚ್‌ಐವಿ ಚಿತ್ರದ ಬಗ್ಗೆ ಕೆಳಗಿನ ಕೋರ್ಟ್ ಪಟ್ಟು ಬಿಡದೆ ಮತ್ತೆ ತಡೆ ಕೊಟ್ಟಾಗ 2003ರಲ್ಲಿ ಸಂವಿಧಾನ ನ್ಯಾಯಾಲಯ ಅದನ್ನೂ ತಳ್ಳಿಹಾಕಿತು. ಕಾನೂನಿನ ಮಟ್ಟಿಗೆ ಇದು ಸರಿಯಾದ ತೀರ್ಪು. ನೊಂದವರ ಮಾತನ್ನು ಅದು ಅಳಿಸುವುದಿಲ್ಲ.

ಕೋರ್ಟಿಗಿಂತ ಜೋರಾಗಿ ಮಾತಾಡಿದ್ದು ಅಂಗಡಿ. 1994ರಲ್ಲಿ ಬೋಸ್ನಿಯಾ ಯುದ್ಧದಲ್ಲಿ ಸತ್ತ ಸೈನಿಕನ ಗುಂಡಿನ ತೂತಿರುವ, ರಕ್ತದಲ್ಲಿ ನೆಂದ ಟೀ ಶರ್ಟ್ ಮತ್ತು ಪ್ಯಾಂಟನ್ನು ಬಿಳಿ ಹಿನ್ನೆಲೆಯಲ್ಲಿ ಹರಡಿ ತೆಗೆದ ಚಿತ್ರ ಬಂತು. ಮೇಲೆ ಅವನ ತಂದೆ ಬರೆದ ಸಾಲುಗಳಿದ್ದವು. ಬಟ್ಟೆಯನ್ನು ಕೊಟ್ಟವನೂ ಆ ತಂದೆಯೇ. ಉಡುಪಿನ ಕಂಪನಿಯ ಜಾಹೀರಾತಿಗೆ ಕೊನೆಗೂ ಉಡುಪು ಬಂದಿತ್ತು, ಸತ್ತವನ ಉಡುಪು. ಜರ್ಮನಿಯ ಬೆನೆಟನ್ ಅಂಗಡಿಕಾರರು ಇದನ್ನೆಲ್ಲ ಸಹಿಸಲಿಲ್ಲ. ಇಂಥ ಚಿತ್ರಗಳಿಂದ ಗಿರಾಕಿಗಳು ಬರುವುದನ್ನೇ ನಿಲ್ಲಿಸಿದ್ದಾರೆ ಎಂದು ಹೇಳಿ ಕೆಲವರು ಮಾಲಿನ ಹಣ ಕೊಡಲು ನಿರಾಕರಿಸಿದರು, ವ್ಯಾಜ್ಯ ನಡೆಯಿತು. ಆ ಅಂಗಡಿಗಳ ಮಾಲೀಕತ್ವ ಕಂಪನಿಯದಲ್ಲ, ಬಂಡವಾಳ ಹಾಕಿದ ಸ್ಥಳೀಯರದು. ನಿಲುವು ಇಟಲಿಯ ಕಚೇರಿಯದು, ನಷ್ಟ ಊರಿನ ವರ್ತಕನದು.

2000ದ ಜನವರಿಯಲ್ಲಿ ಬಂದ 'ಮರಣದಂಡನೆಯ ಸಾಲಿನಲ್ಲಿ ನಾವು' ಎಂಬ ಅಭಿಯಾನ ಟೊಸ್ಕಾನಿಯ ಬೆನೆಟನ್ ದಿನಗಳನ್ನು ಮುಗಿಸಿತು. ಅಮೆರಿಕದ ಜೈಲುಗಳಲ್ಲಿ ಮರಣದಂಡನೆಗೆ ಗುರಿಯಾದ 26 ಕೈದಿಗಳ ಮುಖಚಿತ್ರ, ಅವರ ಮಾತು. ಬಾಲ್ಯ, ತಾಯಿ, ಕನಸುಗಳ ಬಗ್ಗೆ ಅವರು ಹೇಳಿದ್ದು ಅದರಲ್ಲಿತ್ತು, ಅವರು ಕೊಂದವರ ಬಗ್ಗೆ ಇರಲಿಲ್ಲ. ಮರಣದಂಡನೆ ಬೇಡ ಎಂಬ ವಾದಕ್ಕೆ ಬಲವಾದ ಕಾರಣಗಳಿವೆ. ಆದರೆ ಸತ್ತವರ ಮನೆಯವರನ್ನು ಕಾಣದಂತೆ ಮಾಡಿ ಆ ವಾದ ಹೂಡಿದ್ದು ಅಭಿಯಾನದ ದೊಡ್ಡ ಲೋಪ. ಆ ಮನೆಯವರು ಬೀದಿಗಿಳಿದರು. ನೂರಾರು ಮಳಿಗೆಗಳಲ್ಲಿ ಬೆನೆಟನ್ ಉಡುಪು ಮಾರಲು ಆಗಷ್ಟೇ ಒಪ್ಪಂದ ಮಾಡಿಕೊಂಡಿದ್ದ ಸಿಯರ್ಸ್ ಸಂಸ್ಥೆ ಕೈಬಿಟ್ಟಿತು. ಬೆನೆಟನ್ ಕಡೆಯವರು ಜೈಲಿನೊಳಗೆ ಬಂದ ನಿಜವಾದ ಉದ್ದೇಶವನ್ನು ಮುಚ್ಚಿಟ್ಟರು ಎಂದು ಮಿಸ್ಸೌರಿ ರಾಜ್ಯ ದಾವೆ ಹೂಡಿತು. 2001ರ ರಾಜಿಯಲ್ಲಿ ಕಂಪನಿ ಅಪರಾಧ ಸಂತ್ರಸ್ತರ ನಿಧಿಗೆ 50,000 ಡಾಲರ್ ಕೊಟ್ಟು, ಸತ್ತವರ ಕುಟುಂಬಗಳಿಗೆ ಕ್ಷಮೆ ಕೋರಿ ಪತ್ರ ಬರೆಯಿತು. ಅಷ್ಟರಲ್ಲಿ ಟೊಸ್ಕಾನಿ ಹೊರಬಿದ್ದಿದ್ದ.

ಅವನ ಮುಂದಿನ ಹೆಸರಾದ ಕೆಲಸ ಫ್ಯಾಷನ್ ಉದ್ಯಮದ ವಿರುದ್ಧವೇ ಇತ್ತು. 2007ರ ಸೆಪ್ಟೆಂಬರ್‌ನಲ್ಲಿ, ಮಿಲಾನ್ ಫ್ಯಾಷನ್ ವಾರ ನಡೆಯುವಾಗಲೇ, 'ನೊಲೀಟಾ' ಬ್ರ್ಯಾಂಡಿಗಾಗಿ ಫ್ರಾನ್ಸಿನ ರೂಪದರ್ಶಿ ಇಸಬೆಲ್ ಕಾರೊಳ ನಗ್ನ ಚಿತ್ರ ಹೋರ್ಡಿಂಗ್ ಏರಿತು. ಊಟ ಬಿಟ್ಟು ಮೈ ಕರಗಿಸುವ ಅನೊರೆಕ್ಸಿಯಾ ರೋಗದಿಂದ ಅವಳ ಬೆನ್ನೆಲುಬು ಎಣಿಸುವಂತಿತ್ತು. ಇಟಲಿಯ ಜಾಹೀರಾತು ನಿಯಂತ್ರಣ ಸಂಸ್ಥೆ ಅದನ್ನು ತಡೆಯಿತು. ತನ್ನ ಕಥೆ ಹೇಳಲೆಂದು ತಾನೇ ಒಪ್ಪಿ ನಿಂತ ಕಾರೊ 2010ರಲ್ಲಿ, 28ನೇ ವಯಸ್ಸಿನಲ್ಲಿ ಸತ್ತಳು. ಬೆನೆಟನ್ ಅವನಿಲ್ಲದೆಯೂ ಹಳೆಯ ಹಾದಿ ಹಿಡಿಯಿತು. 2011ರ 'ಅನ್‌ಹೇಟ್' ಅಭಿಯಾನದಲ್ಲಿ ಪರಸ್ಪರ ಎದುರಾಳಿಗಳಾದ ನಾಯಕರು ಚುಂಬಿಸುವಂತೆ ಕಂಪ್ಯೂಟರಿನಲ್ಲಿ ಜೋಡಿಸಿದ ಚಿತ್ರಗಳಿದ್ದವು. ಪೋಪ್ ಮತ್ತು ಕೈರೋದ ಅಲ್ ಅಜ್ಹರ್ ಇಮಾಮರ ಚಿತ್ರಕ್ಕೆ ವ್ಯಾಟಿಕನ್ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟಾಗ ಕಂಪನಿ ಬೇಗನೆ ಅದನ್ನು ಹಿಂತೆಗೆಯಿತು. ಮರುವರ್ಷ ಕಾನ್ ಜಾಹೀರಾತು ಉತ್ಸವದ ದೊಡ್ಡ ಪ್ರಶಸ್ತಿ ಅದೇ ಅಭಿಯಾನಕ್ಕೆ ಬಂತು. ಹಳೆಯ ಚಿತ್ರಗಳಲ್ಲಿದ್ದ ತೂಕ ಇದರಲ್ಲಿಲ್ಲ: ಇಲ್ಲಿ ಯಾರ ಬದುಕೂ ಇರಲಿಲ್ಲ, ಯಾರ ಒಪ್ಪಿಗೆಯೂ ಇರಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು 2013ರ ಏಪ್ರಿಲ್ 24ರಂದು. ಬಾಂಗ್ಲಾದೇಶದ ಢಾಕಾ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಎಂಟು ಅಂತಸ್ತಿನ ಕಟ್ಟಡ ಕುಸಿದು 1,134 ಜನ ಸತ್ತರು. ಹೆಚ್ಚಿನವರು ಗಾರ್ಮೆಂಟ್ಸ್ ಕೆಲಸದ ಹೆಣ್ಣುಮಕ್ಕಳು. ಹಿಂದಿನ ದಿನವೇ ಗೋಡೆ ಬಿರುಕು ಬಿಟ್ಟಿತ್ತು. ಕೆಳಗಿನ ಬ್ಯಾಂಕು ಬಾಗಿಲು ಹಾಕಿತು, ಹೊಲಿಗೆಯವರನ್ನು ಮಾತ್ರ ಮರುದಿನ ಕೆಲಸಕ್ಕೆ ಕರೆಸಲಾಯಿತು. ಅಲ್ಲಿನ ಕಾರ್ಖಾನೆಗಳೊಂದಿಗೆ ತನಗೆ ಸಂಬಂಧವಿಲ್ಲ ಎಂದು ಬೆನೆಟನ್ ಮೊದಲು ಹೇಳಿತು. ಅವಶೇಷದ ನಡುವೆ ಅದರ ಲೇಬಲ್ ಇರುವ ಬಟ್ಟೆಯ ಚಿತ್ರಗಳು ಸುದ್ದಿಸಂಸ್ಥೆಗಳಿಂದ ಹೊರಬಂದ ಮೇಲೆ, ಒಂದು ಆರ್ಡರ್ ಕೊಟ್ಟಿದ್ದು ಹೌದು ಎಂದು ಒಪ್ಪಿತು. ಸಂತ್ರಸ್ತರ ನಿಧಿಗೆ 11 ಲಕ್ಷ ಡಾಲರ್ ಕೊಡಲು ಮುಂದಾದದ್ದು 2015ರಲ್ಲಿ, ಹತ್ತು ಲಕ್ಷದಷ್ಟು ಜನ ಸಹಿ ಹಾಕಿ ಒತ್ತಾಯಿಸಿದ ಮೇಲೆ. ಲೋಕದ ನೋವನ್ನು ಆಳೆತ್ತರದ ಚಿತ್ರವಾಗಿ ಗೋಡೆಗೆ ಹಚ್ಚಿದ ಕಂಪನಿ, ತನ್ನ ಬಟ್ಟೆ ಹೊಲಿದವರ ಸಾವಿನ ಮುಂದೆ ಎರಡು ವರ್ಷ ಲೆಕ್ಕ ಹಾಕುತ್ತಾ ಕೂತಿತು. ಅದರ ಹಿಂದಿನ ಜಾಹೀರಾತುಗಳನ್ನು ಮೆಚ್ಚಿದವರಿಗೂ ಇದು ನುಂಗಲಾರದ ತುತ್ತು. ಬೆಂಗಳೂರಿನ ಪೀಣ್ಯ, ಹೊಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲೂ ವಿದೇಶಿ ಬ್ರ್ಯಾಂಡುಗಳ ಬಟ್ಟೆ ಹೊಲಿಯುವವರು ಬಹುಪಾಲು ಹೆಂಗಸರು. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಿಂಪಡೆಯುವ ನಿಯಮ ಬದಲಾದಾಗ ಅವರು ಸಾವಿರಾರು ಸಂಖ್ಯೆಯಲ್ಲಿ ರಸ್ತೆಗಿಳಿದರು; ಕೇಂದ್ರ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಮಹಿಳೆಯರ ಸಬಲೀಕರಣ ಸಾರುವ ಉಡುಪಿನ ಜಾಹೀರಾತುಗಳಲ್ಲಿ ಆ ಹೆಂಗಸರು ಕಾಣುವುದು ಬಲು ಅಪರೂಪ.

ಟೊಸ್ಕಾನಿ 2017ರ ಕೊನೆಗೆ ಬೆನೆಟನ್‌ಗೆ ಮರಳಿ ಬಂದ. ಎರಡೇ ವರ್ಷದಲ್ಲಿ ಮತ್ತೆ ಹೊರಗೆ. 2018ರಲ್ಲಿ ಜಿನೋವಾ ನಗರದ ಮೊರಾಂಡಿ ಸೇತುವೆ ಕುಸಿದು 43 ಜನ ಸತ್ತಿದ್ದರು. ಸೇತುವೆಯ ನಿರ್ವಹಣೆ ಬೆನೆಟನ್ ಕುಟುಂಬದ ದೊಡ್ಡ ಪಾಲಿದ್ದ ಸಂಸ್ಥೆಯದಾಗಿತ್ತು. 2020ರಲ್ಲಿ ರೇಡಿಯೊ ಸಂದರ್ಶನದಲ್ಲಿ ಆ ಕುಸಿತವನ್ನು ಹಗುರವಾಗಿ ಕಂಡು ಆಡಿದ ಮಾತಿಗೆ ಅವನು ಕ್ಷಮೆ ಕೇಳಿದರೂ ಕಂಪನಿ ಸಂಬಂಧ ಕಡಿದುಕೊಂಡಿತು. 2025ರ ಜನವರಿ 13ರಂದು ಅವನು ತೀರಿಕೊಂಡ.

ಭಾರತದಲ್ಲಿ ಈ ಬಗೆಯ ಜಾಹೀರಾತು ಬೇರೆ ರೂಪ ತಳೆಯಿತು. ಇಲ್ಲಿ ಹೋರ್ಡಿಂಗಿನ ಬದಲು ಮೊಬೈಲಿನಲ್ಲಿ ನೋಡುವ ಕಿರುಚಿತ್ರ, ಆಘಾತದ ಬದಲು ಮನೆಯೊಳಗಿನ ಮಾತು. 2015ರಲ್ಲಿ ಬೆಂಗಳೂರಿನ ಮಿಂತ್ರಾ ತನ್ನ 'ಅನೂಕ್' ಉಡುಪಿಗಾಗಿ ತಂದ ಚಿತ್ರದಲ್ಲಿ ಇಬ್ಬರು ಯುವತಿಯರು ಬೆಳಗ್ಗೆ ಸಿದ್ಧರಾಗುತ್ತಾರೆ, ಒಬ್ಬಳ ತಂದೆತಾಯಿ ಬರುವವರಿದ್ದಾರೆ, ತಮ್ಮ ಪ್ರೀತಿಯನ್ನು ಅವರಿಗೆ ಹೇಳಬೇಕಾಗಿದೆ. ಸಲಿಂಗ ಸಂಬಂಧವನ್ನು ಅಪರಾಧವೆನ್ನುವ 377ನೇ ಸೆಕ್ಷನ್ ಆಗ ಜಾರಿಯಲ್ಲಿತ್ತು. ಸುಪ್ರೀಂ ಕೋರ್ಟ್ ಅದನ್ನು ಬದಲಿಸಿದ್ದು 2018ರಲ್ಲಿ. ಅಷ್ಟು ಸಹಜವಾಗಿ, ಉಪದೇಶವಿಲ್ಲದೆ ಆ ವಿಷಯ ಹೇಳಿದ ಇನ್ನೊಂದು ಭಾರತೀಯ ಜಾಹೀರಾತನ್ನು ಆ ಕಾಲದಲ್ಲಿ ಹುಡುಕುವುದು ಕಷ್ಟ. 2021ರಲ್ಲಿ ಕನ್ಯಾದಾನದ ಬಗ್ಗೆ ಪ್ರಶ್ನೆ ಎತ್ತಿದ ಮಾನ್ಯವರ್ ಜಾಹೀರಾತು ಟೀಕೆಗೆ ಗುರಿಯಾಯಿತು. ಅದೇ ವರ್ಷ ದೀಪಾವಳಿಯ ಹೊತ್ತಿಗೆ ಉರ್ದು ಹೆಸರಿಟ್ಟು ತಂದ ಉಡುಪುಗಳ ಪ್ರಚಾರವನ್ನು ಫ್ಯಾಬ್‌ಇಂಡಿಯಾ ವಿರೋಧಕ್ಕೆ ಮಣಿದು ಹಿಂತೆಗೆಯಿತು.

ಎಲ್ಲಕ್ಕಿಂತ ಹೆಚ್ಚು ಗದ್ದಲವಾದದ್ದು 2020ರ ಅಕ್ಟೋಬರ್‌ನಲ್ಲಿ, ಬೆಂಗಳೂರಿನಲ್ಲಿ ಕೇಂದ್ರ ಕಚೇರಿ ಇರುವ ಟೈಟಾನ್ ಸಂಸ್ಥೆಯ ತನಿಷ್ಕ್ ಒಡವೆಗಳ 'ಏಕತ್ವಂ' ಜಾಹೀರಾತಿಗೆ. ಮುಸ್ಲಿಂ ಮನೆಯಲ್ಲಿ ಹಿಂದೂ ಸೊಸೆಗೆ ಸೀಮಂತದ ಏರ್ಪಾಡಾಗಿದೆ. ನಿಮ್ಮ ಮನೆಯಲ್ಲಿ ಈ ಶಾಸ್ತ್ರ ಇಲ್ಲವಲ್ಲ ಎಂದು ಸೊಸೆ ಕೇಳುತ್ತಾಳೆ. ಮಗಳನ್ನು ಸಂತೋಷವಾಗಿಡುವ ಶಾಸ್ತ್ರ ಎಲ್ಲ ಮನೆಯಲ್ಲೂ ಉಂಟು ಎಂಬರ್ಥದ ಉತ್ತರ ಅತ್ತೆಯದು. ಒಂದು ನಿಮಿಷವೂ ಇಲ್ಲದ ಈ ಚಿತ್ರ 'ಲವ್ ಜಿಹಾದ್' ಪ್ರಚಾರ ಎಂಬ ಕೂಗೆದ್ದು, ಬಹಿಷ್ಕಾರದ ಕರೆ ಹಬ್ಬಿತು. ಜನರ ಭಾವನೆಗೆ ನೋವಾಗಿರುವುದನ್ನೂ ತನ್ನ ನೌಕರರು, ಪಾಲುದಾರರು, ಮಳಿಗೆ ಸಿಬ್ಬಂದಿಯ ಕ್ಷೇಮವನ್ನೂ ಕಾರಣವಾಗಿ ಹೇಳಿ ಕಂಪನಿ ಕೆಲವೇ ದಿನಗಳಲ್ಲಿ ಅದನ್ನು ಹಿಂತೆಗೆದುಕೊಂಡಿತು. ಗುಜರಾತಿನ ಗಾಂಧಿಧಾಮದ ಮಳಿಗೆಯ ಬಾಗಿಲಿಗೆ ಕ್ಷಮೆಯ ಚೀಟಿ ಅಂಟಿತು. ದೂರು ಬಂದಿದ್ದರಿಂದ ಚಿತ್ರವನ್ನು ಪರಿಶೀಲಿಸಿದ ಭಾರತೀಯ ಜಾಹೀರಾತು ಗುಣಮಟ್ಟ ಮಂಡಳಿಯ ಸಮಿತಿ, ಅದರಲ್ಲಿ ನಿಯಮ ಉಲ್ಲಂಘನೆ ಇಲ್ಲವೆಂದೂ ಪ್ರಸಾರಕ್ಕೆ ಅಡ್ಡಿಯಿಲ್ಲವೆಂದೂ ಒಮ್ಮತದಿಂದ ಹೇಳಿತು. ಆ ಹೊತ್ತಿಗೆ ಜಾಹೀರಾತು ಎಲ್ಲ ಕಡೆಯಿಂದಲೂ ತೆಗೆದುಹಾಕಲ್ಪಟ್ಟಿತ್ತು.